ಹದಿನೇಳನೇ ಟ್ರೇ

ಮೊದಲ ದಿನ ಫಾಗ್ಮೀದಾ ನನ್ನ ಕೈ ನೋಡಿದಳು,
ಮುಖ ಆಮೇಲೆ.
ಉಗುರು ಕತ್ತರಿಸಿಕೊಂಡು ಬಾ ಅಂದಳು,
ಹೆಬ್ಬೆರಳಿನದು ಬಿಡು, ಅದು ಬೇಕಾಗುತ್ತದೆ.

ಬೇಕಾಯಿತು.
ಪ್ರೋಟಿಯದ ಒಣ ಬುರುಡೆ ಒಡೆದರೆ ಒಳಗೆಲ್ಲ ರೋಮ,
ರೋಮದ ನಡುವೆ ಕಾಳು, ನೂರರಲ್ಲಿ ತೊಂಬತ್ತು ಜೊಳ್ಳು.
ಉಗುರಿಟ್ಟು ಒತ್ತಿದರೆ ಜೊಳ್ಳು ಮಡಿಯುತ್ತದೆ,
ಗಟ್ಟಿ ತಿರುಗಿ ಒತ್ತುತ್ತದೆ.
ಎರಡು ವಾರ ಅದೊಂದೇ ಕೆಲಸ.
ಸಂಜೆ ಬಸ್ಸಿನಲ್ಲಿ ಚಿಲ್ಲರೆ ಕಾಸನ್ನೂ ಒತ್ತಿ ನೋಡುತ್ತಿದ್ದೆ.

ಆಮೇಲೆ ಎರಿಕಾದ ಕಡ್ಡಿ.
ಕತ್ತರಿ ಬೇಡ, ಕೆಳಕ್ಕೆಳೆದು ಕೀಳು,
ತಾಯಿ ತೊಗಟೆಯ ಚೂರೊಂದು
ಹಿಮ್ಮಡಿಗೆ ಅಂಟಿ ಬರಬೇಕು, ಅಲ್ಲಿಂದಲೇ ಬೇರು.
ನನ್ನವು ಮೊದಲ ಅರವತ್ತೂ ಕಪ್ಪಾದವು.
ಮುದುಕ ಅಪೊಲಿಸ್ ನಕ್ಕ: ನನ್ನವು ಮುನ್ನೂರು ಹೋಗಿದ್ದವು,
ಆಗ ನನಗೆ ನಿನ್ನ ವಯಸ್ಸು,
ಹಲ್ಲೂ ಇದ್ದವು.

ಮಾರ್ಚ್ ಕೊನೆಗೆ ಹೊಗೆಯ ದಿನ.
ಪ್ಲಾಸ್ಟಿಕ್ ಗುಡಾರದೊಳಗೆ ನಲವತ್ತು ಟ್ರೇ,
ಹೊರಗೊಂದು ಡ್ರಮ್ಮು, ನಡುವೆ ತಗಡಿನ ಕೊಳವೆ.
ಒಣಗಿದ್ದು ಕೆಳಗೆ, ಹಸಿ ಸೊಪ್ಪು ಮೇಲೆ,
ಉರಿಯಬಾರದು, ಹೊಗೆಯಾಡಬೇಕು.
ಫಾಗ್ಮೀದಾ ಬೆಂಕಿಪೊಟ್ಟಣ ನನ್ನತ್ತ ಚಾಚಿದಳು.

ನಾನು ತೆಗೆದುಕೊಳ್ಳಲಿಲ್ಲ.

ಅಪೊಲಿಸ್ ಗೀರಿದ.
ಅವಳು ಪಾಠ ನಿಲ್ಲಿಸಲಿಲ್ಲ:
ಈ ಬೀಜ ವರ್ಷಗಟ್ಟಲೆ ಮರಳಲ್ಲಿ ಸುಮ್ಮನಿರುತ್ತದೆ,
ಮಳೆ ಕರೆದರೂ ಏಳುವುದಿಲ್ಲ.
ಹೊಗೆ ತಾಗಿದರೇ ಅದಕ್ಕೆ ಗೊತ್ತಾಗುವುದು,
ಮೇಲಿನ ದೊಡ್ಡವೆಲ್ಲ ಸುಟ್ಟವು, ಬಿಸಿಲಿಗೆ ದಾರಿಯಾಯಿತು ಅಂತ.

ಡಿಸೆಂಬರಿನಲ್ಲಿ, ಅಂದೆ. ಆಗ್ನೇಯದ ಗಾಳಿಯಿತ್ತು.
ಮೂರನೇ ಸಾಲಲ್ಲಿ ಯಾರದೋ ಸೀಮೆಎಣ್ಣೆ ಸ್ಟೌ.
ಬೆಳಗಾದಾಗ ನಮ್ಮ ಗುಡಿಸಲಿನಲ್ಲಿ ಉಳಿದದ್ದು ಬೀಗ.
ಹಾಕಿದ್ದು ಹಾಕಿದ ಹಾಗೇ ಇತ್ತು.

ಅವಳು ಏನೋ ಒಳ್ಳೆಯ ಮಾತಿಗೆ ಬಾಯಿ ತೆರೆದಳು.
ಬೇಡ, ಅಂದೆ.
ಆ ಹೊಗೆಯಲ್ಲಿ ಹಾಸಿಗೆಯ ಸ್ಪಂಜು ಇತ್ತು,
ತಮ್ಮ ಲುಬಬಾಲೊನ ಶಾಲೆಯ ಬೂಟು ಇತ್ತು,
ಅರ್ಧ ಬಳಿದು ಇಟ್ಟಿದ್ದ ನೀಲಿ ಬಣ್ಣದ ಡಬ್ಬಿ.
ಅದನ್ನು ಕುಡಿದು ಯಾವ ಬೀಜವೂ ಎದ್ದದ್ದಿಲ್ಲ.
ಆ ಜಾಗದಲ್ಲಿ ಎದ್ದದ್ದು ಬೇಲಿ.

ಗುಡಾರ ಬೆಳ್ಳಗಾಗುತ್ತಾ ಉಬ್ಬಿತು.
ಎಷ್ಟೋ ಹೊತ್ತಿನ ಮೇಲೆ ಅವಳು ನನ್ನ ಕೈಗೆ
ಒಂದು ಹಿಡಿ ಚೀಟಿ, ಒಂದು ಮೋಟು ಪೆನ್ಸಿಲು ಕೊಟ್ಟಳು.
ಹೆಸರು ಬರಿ. ಇಂಕು ಬಿಸಿಲಿಗೆ ಓಡಿಹೋಗುತ್ತದೆ,
ಪೆನ್ಸಿಲು ನಿಲ್ಲುತ್ತದೆ.

ಹದಿನೇಳನೇ ಟ್ರೇ, ಚಾವಣಿ ಜೊಂಡು.
ಇಲ್ಲಿನ ಹಳೆಯ ಬಿಳಿ ಮನೆಗಳಿಗೆಲ್ಲ ಇದೇ ಹೊದಿಕೆ.
ಅಪೊಲಿಸನ ಅಜ್ಜ ಹೊದಿಸುತ್ತಿದ್ದನಂತೆ,
ಬೇರೆಯವರ ಮನೆಗೆ.

ಕೆಲವು ದಿನ ನೀರು ಹಾಕುವ ಹಾಗಿಲ್ಲ,
ಹೊಗೆ ತೊಳೆದುಹೋಗುತ್ತದೆ.
ನನ್ನ ಸ್ವೆಟರನ್ನು ಎರಡು ಸಲ ಒಗೆದೆ, ಹೋಗಲಿಲ್ಲ.
ಮೂರನೇ ಸಲ ಒಗೆಯಲಿಲ್ಲ.

ನಾಲ್ಕನೇ ವಾರ ಏನೂ ಇಲ್ಲ.
ಐದನೇ ವಾರ ಪಾಚಿ.
ಆರನೇ ವಾರ, ಬುಧವಾರ, ಇನ್ನೂ ಚಳಿ ಬಿಟ್ಟಿರಲಿಲ್ಲ,
ಮಂಡಿಯೂರಿ ಟ್ರೇಯ ಅಂಚಿಗೆ ಕೆನ್ನೆಯಿಟ್ಟೆ.
ಮೇಲಿಂದ ನೋಡಿದರೆ ಕಾಣುವುದಿಲ್ಲ, ಅಡ್ಡ ನೋಡಬೇಕು:
ಕೂದಲಿಗಿಂತ ತೆಳುವು, ನೆಟ್ಟಗೂ ಇಲ್ಲ,
ತುದಿಯಲ್ಲಿ ಸಿಪ್ಪೆ ಇನ್ನೂ ಕಳಚಿಲ್ಲ,
ಅವಸರದಲ್ಲಿ ಟೋಪಿ ತೆಗೆಯದೆ ಬಂದವರ ಹಾಗೆ.

ಇನ್ನೂರು ಬಿತ್ತಿದ್ದೆ.
ಎಣಿಸಿದೆ, ಹನ್ನೊಂದು. ಪುಸ್ತಕದಲ್ಲಿ ಬರೆದೆ.
ಎಷ್ಟು? ಆ ತುದಿಯಿಂದ ಫಾಗ್ಮೀದಾ.
ತಡಿ, ಅಂದೆ,
ಇನ್ನೊಂದು ಸಲ ಬಗ್ಗಿದೆ.
ಹನ್ನೆರಡಿದ್ದವು.